ಇದೆ, ಇಲ್ಲ, ಅಲ್ಲ: ಇರುವುದನ್ನು ಭಾಷೆಗಳು ಹೇಳುವ ಬಗೆ

(ಮಂಡ್ಯದಲ್ಲಿ ಕಾಲೇಜು ವಿದ್ಯಾರ್ಥಿಗಳು ಮತ್ತು ಕನ್ನಡ ಪಾಠ ಮಾಡುವ ಮೇಷ್ಟ್ರುಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ಎರಡು ವಾಕ್ಯ ಹೇಳುತ್ತೇನೆ, ಕೇಳಿ. ಒಂದು, ‘ನಾಲೆಯಲ್ಲಿ ನೀರಿದೆ.’ ಇನ್ನೊಂದು, ‘ನೀರು ನಾಲೆಯಲ್ಲಿದೆ.’ ಪದಗಳು ಅವೇ, ಜಾಗ ಮಾತ್ರ ಅದಲುಬದಲು. ಗದ್ದೆ ಬದುವಿನ ಮೇಲೆ ನಿಂತವರನ್ನು ‘ಏನ್ ಗೌಡ್ರೆ, ನಾಟಿ ಮಾಡಬಹುದಾ?’ ಅಂತ ಯಾರಾದರೂ ಕೇಳಿದರೆ ಬರುವ ಉತ್ತರ ಮೊದಲನೆಯದು. ಎರಡನೆಯದು ಬರಬೇಕಾದರೆ ನೀರಿನ ಮಾತು ಆಗಲೇ ನಡೆದಿರಬೇಕು. ‘ಕನ್ನಂಬಾಡಿಯಿಂದ ನೀರು ಬಿಟ್ಟರಲ್ಲ, ಎಲ್ಲಿಗೆ ಬಂತು?’ ಅಂದಾಗ ‘ನೀರು ನಾಲೆಯಲ್ಲಿದೆ, ಇನ್ನೂ ಗದ್ದೆಗೆ ಬಂದಿಲ್ಲ’ ಅನ್ನುತ್ತೇವೆ. ಕಟ್ಟೆ ತುಂಬಿದರೆ 124.80 ಅಡಿ ಅನ್ನುವುದು ಇಲ್ಲಿ ಮಕ್ಕಳಿಗೂ ಗೊತ್ತು. ಇಂಥ ಊರಿನಲ್ಲಿ ಈ ಎರಡು ವಾಕ್ಯಗಳ ನಡುವಿನ ಅಂತರವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲ ವಾಕ್ಯ ನೀರು ಉಂಟು ಅನ್ನುವ ಸುದ್ದಿಯನ್ನೇ ಕೊಡುತ್ತದೆ. ಎರಡನೆಯದು, ಉಂಟು ಅಂತ ಇಬ್ಬರಿಗೂ ಗೊತ್ತಿರುವ ನೀರು ಎಲ್ಲಿದೆ ಅಂತ ತಿಳಿಸುತ್ತದೆ. ಕನ್ನಡ ಈ ಕೆಲಸವನ್ನು ಬರೀ ಪದಗಳ ಸಾಲಿನಿಂದ ಮಾಡುತ್ತದೆ. ಸ್ಪ್ಯಾನಿಷ್‌ನಲ್ಲಿ ಇದಕ್ಕೆ ಬೇರೆ ಬೇರೆ ಕ್ರಿಯಾಪದವೇ ಇದೆ. ಮೊದಲನೆಯದಕ್ಕೆ ‘ಆಯ್’, ಎರಡನೆಯದಕ್ಕೆ ‘ಎಸ್ತಾ’. ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕುವ ಹಾಗಿಲ್ಲ. ಚೀನೀ ಭಾಷೆಯೂ ಹೀಗೇ. ‘ಮೇಜಿನ ಮೇಲೆ ಪುಸ್ತಕ ಇದೆ’ ಅನ್ನಲು ‘ಯೋವ್’, ‘ಪುಸ್ತಕ ಮೇಜಿನ ಮೇಲಿದೆ’ ಅನ್ನಲು ‘ತ್ಸಾಯ್’. ಅಲ್ಲಿ ಪದಗಳ ಸಾಲೂ ನಮ್ಮ ಹಾಗೆ ಅದಲುಬದಲಾಗುತ್ತದೆ, ಕ್ರಿಯಾಪದವೂ ಬದಲಾಗುತ್ತದೆ. ಒಂದಕ್ಕೊಂದು ಸಂಬಂಧವೇ ಇಲ್ಲದ ಭಾಷೆಗಳು ಇವು. ಆದರೂ ‘ಉಂಟು’ ಅನ್ನುವುದನ್ನೂ ‘ಇಲ್ಲಿದೆ’ ಅನ್ನುವುದನ್ನೂ ಬೇರೆ ಮಾಡಬೇಕು ಅಂತ ಎಲ್ಲಕ್ಕೂ ಅನ್ನಿಸಿದೆ.

ಈಗ ಇರುವುದು ಯಾರು ಅನ್ನುವ ಕಡೆ ಬರೋಣ. ನಾವು ಸುಮ್ನೆ ‘ಇದೆ’ ಅಂದುಬಿಡಲು ಆಗುವುದಿಲ್ಲ. ಗಂಡಸಾದರೆ ಇದ್ದಾನೆ, ಹೆಂಗಸಾದರೆ ಇದ್ದಾಳೆ, ಮರ್ಯಾದೆಗೆ ಇದ್ದಾರೆ, ಮಿಕ್ಕದ್ದಕ್ಕೆಲ್ಲ ಇದೆ, ಇವೆ. ಮಂಡ್ಯದ ಹಳ್ಳಿಗಳಲ್ಲಿ ಅವ್ನೆ, ಅವ್ಳೆ, ಅವ್ರೆ, ಅದೆ, ಐತೆ. ಅಂದರೆ ಒಂದು ವಸ್ತು ಇದೆ ಅಂತ ಹೇಳುವ ಮೊದಲೇ ಅದು ಮನುಷ್ಯನೋ ಅಲ್ಲವೋ ಅಂತ ತೀರ್ಮಾನ ಮಾಡಿರಬೇಕು. ನಾಯಿ ಇದೆ, ಕಲ್ಲು ಇದೆ, ಎರಡೂ ಒಂದೇ. ದೇವರು ಇದ್ದಾನೆ, ದೆವ್ವ ಇದೆ. ಆಕಾಶದಲ್ಲಿ ಚಂದ್ರ ಇದ್ದಾನೆ, ಪಕ್ಕದಲ್ಲಿ ನಕ್ಷತ್ರ ಇದೆ. ತೊಟ್ಟಿಲಲ್ಲಿ ಮಗು ಇದೆ. ಆ ಮಗುವಿಗೆ ಒಂದು ಹೆಸರಿಟ್ಟು ಕೂಗಿದ ಕೂಡಲೇ ಇದ್ದಾನೆ, ಇದ್ದಾಳೆ ಆಗುತ್ತದೆ. ಕೊಟ್ಟಿಗೆಯಲ್ಲಿ ಹಸು ಇದೆ ಅನ್ನುವ ಮನೆಯವರೇ ಪ್ರೀತಿಯಿಂದ ‘ನಮ್ಮ ಗೌರಿ ಇದ್ದಾಳಲ್ಲ’ ಅನ್ನುವುದನ್ನು ನೀವೂ ಕೇಳಿರುತ್ತೀರಿ.

ಜಪಾನಿನವರು ಗೆರೆಯನ್ನು ಬೇರೆ ಕಡೆ ಎಳೆದಿದ್ದಾರೆ. ಜೀವ ಇದ್ದು ತಾನಾಗಿ ಓಡಾಡುವುದಕ್ಕೆ ಒಂದು ಕ್ರಿಯಾಪದ, ಉಳಿದದ್ದಕ್ಕೆ ಇನ್ನೊಂದು. ಮನುಷ್ಯ, ನಾಯಿ, ಮೀನು ಒಂದು ಕಡೆ. ಕಲ್ಲು, ಪುಸ್ತಕ ಇನ್ನೊಂದು ಕಡೆ. ಮರವೂ ಕಲ್ಲಿನ ಜೊತೆಗೇ. ವಸ್ತುಗಳಿಗೆ ಬಳಸುವುದು ‘ಅರು’. ಜೀವಿಗಳಿಗೆ ಬಳಸುವ ಪದ ಯಾವುದು ಗೊತ್ತಾ? ‘ಇರು’. ಹೌದು, ನಮ್ಮ ‘ಇರು’ ಹಾಗೇ ಕೇಳಿಸುತ್ತದೆ. ಇದನ್ನು ಕೇಳಿ ಕನ್ನಡಕ್ಕೂ ಜಪಾನಿಗೂ ನಂಟು ಕಟ್ಟಲು ಹೊರಡಬೇಡಿ. ಲೋಕದಲ್ಲಿ ಸಾವಿರಾರು ಭಾಷೆಗಳಿವೆ, ಬಾಯಲ್ಲಿ ಹೊರಡುವ ಸದ್ದುಗಳು ಕೆಲವೇ. ಹೀಗೆ ಒಂದೊಂದು ಪದ ಹೊಂದಿಬಿಡುವುದು ಸಹಜ. ನನಗೆ ಅದಕ್ಕಿಂತ ಜಾಸ್ತಿ ಹಿಡಿಸಿದ್ದು ಅವರು ಟ್ಯಾಕ್ಸಿಯ ಬಗ್ಗೆ ಆಡುವ ಮಾತು. ಟ್ಯಾಕ್ಸಿ ವಸ್ತು, ಆದ್ದರಿಂದ ‘ಅರು’. ಆದರೆ ಚಾಲಕ ಒಳಗೆ ಕೂತು ಬಾಡಿಗೆಗೆ ಕಾಯುತ್ತಿದ್ದರೆ ಅದಕ್ಕೆ ‘ಇರು’ ಅನ್ನುವುದೂ ಉಂಟು. ಪಕ್ಕದ ಶ್ರೀಲಂಕಾದ ಸಿಂಹಳದಲ್ಲೂ ಇದೇ ಬಗೆಯ ವಿಂಗಡಣೆ. ವಸ್ತುವಿಗೆ ‘ತಿಯೆನವಾ’, ಜೀವಿಗೆ ‘ಇನ್ನವಾ’. ಕನ್ನಡ ನಾಯಿಯನ್ನು ಕಲ್ಲಿನ ಪಕ್ಕ ಕೂರಿಸಿದರೆ ಸಿಂಹಳ ಅದನ್ನು ನಮ್ಮ ಪಕ್ಕ ಕೂರಿಸುತ್ತದೆ.

ಇಷ್ಟೆಲ್ಲ ಭೇದ ಮಾಡುವ ಕನ್ನಡ, ಇಲ್ಲದ ವಿಷಯಕ್ಕೆ ಬಂದಾಗ ಏನು ಮಾಡುತ್ತದೆ ನೋಡಿ. ಅಪ್ಪ ಮನೆಯಲ್ಲಿ ಇಲ್ಲ. ಅಮ್ಮ ಇಲ್ಲ. ಮಕ್ಕಳು ಇಲ್ಲ. ಅಕ್ಕಿ ಇಲ್ಲ. ನಾನು ಆಗ ಊರಲ್ಲಿ ಇಲ್ಲ. ಗಂಡು, ಹೆಣ್ಣು, ಒಂದು, ಹಲವು, ನಾನು, ನೀನು, ಎಲ್ಲಕ್ಕೂ ಒಂದೇ ‘ಇಲ್ಲ’. ಇರುವಾಗ ಮಾಡಿದ ಭೇದವೆಲ್ಲ ಇಲ್ಲವಾದಾಗ ಅಳಿಸಿ ಹೋಗುತ್ತದೆ. ಇದು ಎಲ್ಲ ಭಾಷೆಗಳ ಸ್ವಭಾವ ಅಂದುಕೊಂಡರೆ ಪಕ್ಕದ ತೆಲುಗನ್ನು ಕೇಳಿ. ನಾನು ಇಲ್ಲ ಅನ್ನಲು ‘ಲೇನು’, ನೀನು ಇಲ್ಲ ಅನ್ನಲು ‘ಲೇವು’, ಅವನು ಇಲ್ಲ ಅನ್ನಲು ‘ಲೇಡು’, ಅವರು ಇಲ್ಲ ಅನ್ನಲು ‘ಲೇರು’. ಅಲ್ಲಿ ಇಲ್ಲದಿದ್ದಾಗಲೂ ನಾನು ನಾನೇ, ಅವನು ಅವನೇ. ರಷ್ಯನ್ ಇನ್ನೊಂದು ದಾರಿ ಹಿಡಿದಿದೆ. ಅಲ್ಲಿ ಇಲ್ಲದ ವಸ್ತುವಿನ ಹೆಸರೇ ವಿಭಕ್ತಿ ಬದಲಿಸುತ್ತದೆ. ಬ್ರೆಡ್ ಇದ್ದರೆ ಬ್ರೆಡ್. ಮುಗಿದುಹೋದರೆ ಅದು ಷಷ್ಠಿಗೆ ಜಾರುತ್ತದೆ, ‘ಬ್ರೆಡ್ಡಿನ ಇಲ್ಲ’ ಅಂದ ಹಾಗೆ.

ಈ ‘ಇಲ್ಲ’ದ ಬಗ್ಗೆ ಸ್ವಲ್ಪ ನಿಧಾನವಾಗಿ ಮಾತಾಡಬೇಕು. ನಾನು ಮುಖ್ಯವಾಗಿ ಹೇಳಬೇಕೆಂದು ಬಂದದ್ದು ಇದನ್ನೇ. ಒಂದು ಭಾಷೆ ‘ಇದೆ’ ಅನ್ನುವುದನ್ನು ಹೇಗೆ ಕಾಣುತ್ತದೆ ಅಂತ ತಿಳಿಯಬೇಕಾದರೆ ಅದರ ‘ಇಲ್ಲ’ವನ್ನು ನೋಡಬೇಕು. ಗುಟ್ಟು ಅಲ್ಲಿ ಬಯಲಾಗುತ್ತದೆ.

ನಮ್ಮಲ್ಲಿ ಇಲ್ಲ ಬೇರೆ, ಅಲ್ಲ ಬೇರೆ. ‘ಅಕ್ಕಿ ಇಲ್ಲ’ ಅಂದರೆ ಡಬ್ಬ ಖಾಲಿ. ‘ಅಕ್ಕಿ ಅಲ್ಲ’ ಅಂದರೆ ಡಬ್ಬದಲ್ಲಿ ಇರುವುದು ರಾಗಿಯೋ ಗೋಧಿಯೋ. ಮೊದಲನೆಯದು ಇರವನ್ನೇ ತಳ್ಳಿಹಾಕುತ್ತದೆ. ಎರಡನೆಯದಕ್ಕೆ ಇರವಿನ ಬಗ್ಗೆ ತಕರಾರಿಲ್ಲ, ಗುರುತಿನ ಬಗ್ಗೆ ಮಾತ್ರ ತಕರಾರು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತೇವೆ. ‘ಅಕ್ಕಿ ಇಲ್ಲ, ಅಲ್ವಾ?’ ಮೂರು ವರ್ಷದ ಮಗು ಇದರಲ್ಲಿ ಎಡವುವುದಿಲ್ಲ.

ದಕ್ಷಿಣದ ಭಾಷೆಗಳಲ್ಲಿ ಈ ಜೋಡಿ ಹಳೆಯದು. ಮಲಯಾಳದಲ್ಲೂ ಇಲ್ಲ, ಅಲ್ಲ. ತುಳುವಿನಲ್ಲಿ ಇಜ್ಜಿ, ಅತ್ತ್. ತೆಲುಗಿನಲ್ಲಿ ಲೇದು, ಕಾದು. ದ್ರಾವಿಡವಲ್ಲದ ಕೊಂಕಣಿಯಲ್ಲೂ ‘ನಾ’ ಬೇರೆ, ‘ನ್ಹಯ್’ ಬೇರೆ. ಆಡುಮಾತಿನ ತಮಿಳಿನಲ್ಲಿ ಮಾತ್ರ ‘ಇಲ್ಲೆ’ ಎರಡೂ ಕೆಲಸವನ್ನು ಮಾಡುತ್ತದೆ. ‘ಅಲ್ಲ’ ಅಲ್ಲಿ ಬಹುಪಾಲು ಬರಹದ ತಮಿಳಿಗೆ ಸರಿದಿದೆ. ಮೇಲುಕೋಟೆಯಲ್ಲಿ ಮನೆಯೊಳಗೆ ತಮಿಳು, ಬೀದಿಯಲ್ಲಿ ಕನ್ನಡ ಆಡುವವರು ದಿನಾ ಈ ಗೆರೆಯನ್ನು ದಾಟುತ್ತಿರುತ್ತಾರೆ. ಹಿಂದಿಯಲ್ಲೂ ನಮ್ಮ ದಖ್ಖನಿ ಉರ್ದುವಿನಲ್ಲೂ ‘ನಹೀಂ’ ಒಂದೇ ಎರಡಕ್ಕೂ ಸಾಕು. ದೂರದ ಟರ್ಕಿಗೆ ಹೋದರೆ ಮತ್ತೆ ನಮ್ಮದೇ ಲೆಕ್ಕ. ಇದೆ ಅನ್ನಲು ‘ವಾರ್’, ಇಲ್ಲ ಅನ್ನಲು ‘ಯೋಕ್’, ಅಲ್ಲ ಅನ್ನಲು ‘ದೆಯಿಲ್’. ಟರ್ಕಿಶ್ ಕಲಿಯುವ ಇಂಗ್ಲಿಷಿನವರು ಯೋಕ್ ಎಲ್ಲಿ, ದೆಯಿಲ್ ಎಲ್ಲಿ ಅಂತ ನಿಯಮ ಹಿಡಿದು ಕಲಿಯಬೇಕು. ನಮಗೆ ಅದನ್ನು ವಿವರಿಸಬೇಕಾದ ಅಗತ್ಯವೇ ಬೀಳುವುದಿಲ್ಲ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗೋಣ. ‘ಅವನು ಬರುವುದಿಲ್ಲ’ ಅನ್ನುತ್ತೇವಲ್ಲ, ಅದನ್ನು ಬಿಡಿಸಿ ನೋಡಿ. ಬರುವುದು, ಇಲ್ಲ. ಬರುವುದು ಅನ್ನುವ ಸಂಗತಿಯೇ ಇಲ್ಲ. ‘ಬರಲಿಲ್ಲ’ದಲ್ಲೂ ‘ಇಲ್ಲ’, ‘ಬಂದಿಲ್ಲ’ದಲ್ಲೂ ‘ಇಲ್ಲ’. ಅಕ್ಕಿ ಇಲ್ಲ ಅನ್ನುವ ಅದೇ ಪದದಿಂದ ನಾವು ಕೆಲಸಗಳನ್ನೂ ಇಲ್ಲ ಅನ್ನುತ್ತೇವೆ. ಹಳಗನ್ನಡದಲ್ಲಿ ಹೀಗಿರಲಿಲ್ಲ. ಆಗ ಕ್ರಿಯಾಪದವೇ ನಿಷೇಧದ ರೂಪ ತಾಳುತ್ತಿತ್ತು. ಬಾರೆನ್ ಅಂದರೆ ನಾನು ಬರುವುದಿಲ್ಲ, ಬಾರನ್ ಅಂದರೆ ಅವನು ಬರುವುದಿಲ್ಲ. ಅದರ ಗುರುತು ಇವತ್ತಿಗೂ ‘ಅರಿಯೆ’, ‘ಒಲ್ಲೆ’ ಅನ್ನುವಂಥ ಕೆಲವು ಪದಗಳಲ್ಲಿ ಉಳಿದಿದೆ. ಕಾಲ ಕಳೆದ ಹಾಗೆ ‘ಇಲ್ಲ’ ಮುಂದೆ ಬಂದು ಆ ಜಾಗವನ್ನೆಲ್ಲ ಹಿಡಿಯಿತು. ನಾನು ಬರುವುದಿಲ್ಲ, ಅವಳು ಬರುವುದಿಲ್ಲ, ಮಳೆ ಬರುವುದಿಲ್ಲ. ಯಾರು ಅಂತ ಹೇಳುತ್ತಿದ್ದ ಪ್ರತ್ಯಯ ಹೋಯಿತು.

ಹೀಗಾಗಿರುವುದು ಕನ್ನಡಕ್ಕೆ ಮಾತ್ರ ಅಲ್ಲ. ಭಾಷಾವಿಜ್ಞಾನಿ ವಿಲಿಯಂ ಕ್ರಾಫ್ಟ್ 1991ರಲ್ಲಿ ಬಹಳ ಭಾಷೆಗಳನ್ನು ಪಕ್ಕಪಕ್ಕ ಇಟ್ಟು ಇದನ್ನು ವಿವರಿಸಿದರು. ವಸ್ತುಗಳನ್ನು ಇಲ್ಲ ಅನ್ನಲು ಒಂದು ವಿಶೇಷ ಪದ ಹುಟ್ಟುತ್ತದೆ. ಅದು ಮೆಲ್ಲಗೆ ಕ್ರಿಯಾಪದಗಳ ಕಡೆ ಹಬ್ಬುತ್ತದೆ. ಕೊನೆಗೆ ಎಲ್ಲ ಕಡೆಯೂ ಅದೇ ನಿಷೇಧದ ಪದವಾಗಿ ನಿಲ್ಲುತ್ತದೆ. ಆಮೇಲೆ ಇರವನ್ನು ತಳ್ಳಿಹಾಕಲು ಹೊಸದೊಂದು ಪದ ಹುಟ್ಟಿ, ಚಕ್ರ ಮತ್ತೆ ತಿರುಗುತ್ತದೆ. ಚೀನೀ ಭಾಷೆಯ ‘ಮೇ’ ಇದಕ್ಕೆ ಒಳ್ಳೆ ಸಾಕ್ಷಿ. ‘ಮೇ ಯೋವ್’ ಅಂದರೆ ಇಲ್ಲ. ಅದೇ ‘ಮೇ’ಯನ್ನು ‘ಬರು’ ಅನ್ನುವ ಕ್ರಿಯಾಪದಕ್ಕಿಂತ ಮೊದಲು ಇಟ್ಟರೆ ‘ಬರಲಿಲ್ಲ’. ನಮ್ಮ ಬರಲಿಲ್ಲ ನಡೆದ ದಾರಿಯನ್ನೇ ಅದೂ ನಡೆದಿದೆ.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಸರಿಯುತ್ತೇನೆ. ‘ಇಲ್ಲ’ ಇಷ್ಟು ಬಲವಾದ ಪದ ಆದ್ದರಿಂದಲೇ ನಮ್ಮ ಮನೆಗಳಲ್ಲಿ ಅದಕ್ಕೆ ಒಂದು ಅಂಜಿಕೆ ಇದೆ. ಅರಿಶಿನ ಕುಂಕುಮ ಇಲ್ಲ ಅನ್ನಬಾರದು, ತರಬೇಕು ಅನ್ನಬೇಕು. ತೀರಿಕೊಂಡವರನ್ನು ‘ಅವರು ಈಗಿಲ್ಲ’ ಅನ್ನುತ್ತೇವೆ. ಮುಸ್ಸಂಜೆಯಲ್ಲಿ ಕೆಟ್ಟ ಮಾತಾಡಬೇಡ, ಅಸ್ತು ದೇವತೆಗಳು ಓಡಾಡುತ್ತಿರುತ್ತಾರೆ ಅಂತ ಅಜ್ಜಿಯರು ಹೇಳುತ್ತಾರೆ. ಆ ‘ಅಸ್ತು’ ಇರವಿನ ಕ್ರಿಯಾಪದವೇ. ಸಂಸ್ಕೃತದಲ್ಲಿ ಅಸ್ತಿ ಅಂದರೆ ಇದೆ, ನಾಸ್ತಿ ಅಂದರೆ ಇಲ್ಲ, ಅಸ್ತು ಅಂದರೆ ಇರಲಿ, ಹಾಗೇ ಆಗಲಿ. ಆಸ್ತಿಕ, ನಾಸ್ತಿಕ ಎರಡೂ ಅಲ್ಲಿಂದಲೇ ಬಂದವು. ಒಂದು ಇಡೀ ತತ್ವದ ಜಗಳ ಎರಡು ಕ್ರಿಯಾಪದಗಳ ಮೇಲೆ ನಿಂತಿದೆ.

ಅಸ್ತಿಯ ನೆಂಟರು ದೂರ ದೂರ ಹೋಗಿದ್ದಾರೆ. ಲ್ಯಾಟಿನ್‌ನ ಎಸ್ಟ್, ಜರ್ಮನ್‌ನ ಇಸ್ಟ್, ಇಂಗ್ಲಿಷಿನ ಇಸ್, ಎಲ್ಲ ಒಂದೇ ಬೇರು. ಆದರೆ ಇಂಗ್ಲಿಷಿನಲ್ಲಿ ‘ಇರು’ ಅನ್ನುವ ಕ್ರಿಯಾಪದ ಮೂರು ಬೇರೆ ಬೇರೆ ಧಾತುಗಳನ್ನು ಸೇರಿಸಿ ಹೊಲಿದದ್ದು. ‘ಇಸ್’ ಅಸ್ತಿಯ ಕಡೆಯದು. ‘ಬಿ’, ‘ಬೀನ್’ ಅನ್ನುವುವು ಸಂಸ್ಕೃತದ ಭವತಿಯ, ಅಂದರೆ ‘ಆಗುತ್ತದೆ’ ಅನ್ನುವ ಪದದ, ಕಡೆಯವು. ಇನ್ನು ‘ವಾಸ್’ ಇದೆಯಲ್ಲ, ಇದ್ದನು ಅನ್ನುವ ಅರ್ಥದ್ದು, ಅದು ಸಂಸ್ಕೃತದ ವಸತಿ, ವಾಸ ಅನ್ನುವ ಪದಗಳ ಹತ್ತಿರದ ಸಂಬಂಧಿ. ಒಂದು ಕಡೆ ತಂಗುವುದು ಅಂತ ಅದರ ಹಳೆಯ ಅರ್ಥ. ಸ್ಪ್ಯಾನಿಷ್‌ನ ಎಸ್ತಾ ಲ್ಯಾಟಿನ್‌ನ ‘ನಿಲ್ಲು’ ಅನ್ನುವ ಕ್ರಿಯಾಪದದಿಂದ ಬಂದದ್ದು. ಹಿಂದಿಯ ‘ಥಾ’ ಸಂಸ್ಕೃತದ ‘ಸ್ಥಿತ’ದಿಂದ, ಅದೂ ನಿಲ್ಲುವುದೇ. ನಮ್ಮ ‘ಇರು’ವನ್ನೂ ಗಮನಿಸಿ. ‘ನೀವು ಎಲ್ಲಿರೋದು?’ ಅಂದರೆ ಮನೆ ಎಲ್ಲಿ ಅಂತ. ‘ಇರು, ಬಂದೆ’ ಅಂದರೆ ನಿಂತಿರು, ಕಾಯಿ ಅಂತ. ಇರವು ಅನ್ನುವುದನ್ನು ಜನ ಮೊದಲು ಕಂಡದ್ದು ಒಂದು ಕಡೆ ನಿಲ್ಲುವುದರಲ್ಲಿ, ತಂಗುವುದರಲ್ಲಿ ಅಂತ ನನಗೆ ಅನ್ನಿಸುತ್ತದೆ.

ಎಲ್ಲರೂ ಹೀಗೆ ನಿಲ್ಲಿಸಿಲ್ಲ. ಜರ್ಮನ್ನರು ‘ಅದು ಕೊಡುತ್ತದೆ’ ಅನ್ನುತ್ತಾರೆ, ಫ್ರೆಂಚರು ‘ಅದು ಅಲ್ಲಿ ಹೊಂದಿದೆ’ ಅನ್ನುತ್ತಾರೆ, ಸ್ವೀಡನ್ನಿನವರು ‘ಅದು ಕಂಡುಬರುತ್ತದೆ’ ಅನ್ನುತ್ತಾರೆ. ಕೊಡುವುದು ಯಾರು, ಹೊಂದಿರುವುದು ಯಾರು ಅಂತ ಕೇಳಿದರೆ ಅವರಲ್ಲೂ ಉತ್ತರ ಇಲ್ಲ. ಆಫ್ರಿಕಾದ ಸ್ವಾಹಿಲಿ ಜಾಗವನ್ನೇ ಕರ್ತೃ ಮಾಡಿಕೊಂಡಿದೆ. ಖಚಿತವಾದ ಒಂದು ತಾಣದಲ್ಲಿ ಇದೆ ಅನ್ನಲು ‘ಪಾನ’, ಸುಮಾರಾಗಿ ಆ ಕಡೆ ಇದೆ ಅನ್ನಲು ‘ಕೂನ’, ಯಾವುದರದೋ ಒಳಗೆ ಇದೆ ಅನ್ನಲು ‘ಮ್ನ’. ಕೂನ ಅನ್ನುವುದಕ್ಕೆ ನಿಷೇಧ ಸೇರಿದರೆ ‘ಹಕೂನ’, ಇಲ್ಲ ಅಂತ. ಕೊಲ್ಲಿ ದೇಶಗಳಲ್ಲಿ ದುಡಿದು ಬಂದವರು ‘ಮಾಫಿ’ ಅನ್ನುವುದನ್ನು ಕೇಳಿದ್ದೀರಾ? ಅರಬ್ಬಿಯ ಆಡುಮಾತಿನಲ್ಲಿ ‘ಫೀ’ ಅಂದರೆ ಇದೆ, ‘ಮಾ ಫೀ’ ಅಂದರೆ ಇಲ್ಲ. ಆ ಫೀ ಮೂಲದಲ್ಲಿ ‘ಅದರಲ್ಲಿ’ ಅನ್ನುವ ಅರ್ಥದ್ದು.

‘ನನ್ನದು’ ಅನ್ನುವ ವಿಷಯವನ್ನೂ ಬೇಗ ಮುಟ್ಟಿ ಮುಂದೆ ಹೋಗುತ್ತೇನೆ. ಇಂಗ್ಲಿಷಿನ ‘ಹ್ಯಾವ್’ಗೆ ಸರಿಯಾದ ದಿನಬಳಕೆಯ ಕ್ರಿಯಾಪದ ನಮ್ಮಲ್ಲಿ ಇಲ್ಲ, ಬೇಕಾಗಿಯೂ ಇಲ್ಲ. ನನಗೆ ಇಬ್ಬರು ಮಕ್ಕಳಿದ್ದಾರೆ. ನನಗೆ ಜ್ವರ ಇದೆ. ನನ್ನ ಹತ್ತಿರ ದುಡ್ಡಿದೆ. ಮಕ್ಕಳು ‘ನನಗೆ’, ದುಡ್ಡು ‘ನನ್ನ ಹತ್ತಿರ’. ದುಡ್ಡು ಇವತ್ತು ಹತ್ತಿರ ಇರುತ್ತದೆ, ನಾಳೆ ದೂರ ಹೋಗುತ್ತದೆ. ಮಕ್ಕಳು ಎಷ್ಟು ದೂರ ಹೋದರೂ ‘ನನಗೆ’ ಇದ್ದೇ ಇರುತ್ತಾರೆ. ರಷ್ಯನ್, ಟರ್ಕಿಶ್, ಫಿನ್ನಿಶ್ ಭಾಷೆಗಳೂ ಹೀಗೆ ಇರವಿನಿಂದಲೇ ಒಡೆತನವನ್ನು ಹೇಳುತ್ತವೆ. ಚೀನೀ ಭಾಷೆ ಇದಕ್ಕೆ ತಲೆಕೆಳಗು. ಅಲ್ಲಿ ಹೊಂದುವುದಕ್ಕೂ ಇರುವುದಕ್ಕೂ ‘ಯೋವ್’ ಒಂದೇ.

ಮನೆಯ ಹತ್ತಿರದ ಇನ್ನೊಂದು ಭಾಷೆ ಇದೆ. ಮೈಸೂರು ಜಿಲ್ಲೆಯ ಬೈಲಕುಪ್ಪೆಗೆ ನಿಮ್ಮಲ್ಲಿ ಬಹಳ ಜನ ಹೋಗಿರುತ್ತೀರಿ, ಚಿನ್ನದ ಬಣ್ಣದ ಬುದ್ಧನನ್ನು ನೋಡಿ ಬಂದಿರುತ್ತೀರಿ. 1961ರಿಂದ ಅಲ್ಲಿ ಟಿಬೆಟಿನ ಜನ ನೆಲೆಸಿದ್ದಾರೆ. ಅವರು ‘ಇದೆ’ ಅನ್ನಬೇಕಾದರೆ, ಅದು ಇದೆ ಅಂತ ತಮಗೆ ಹೇಗೆ ಗೊತ್ತು ಅನ್ನುವುದನ್ನೂ ಹೇಳಲೇಬೇಕು. ತನ್ನದೇ ಆದ, ತನಗೆ ಒಳಗಿನಿಂದ ಗೊತ್ತಿರುವ ವಿಷಯಕ್ಕೆ ‘ಯೋ’. ಕಣ್ಣಾರೆ ಕಂಡು ಬಂದದ್ದಕ್ಕೆ ‘ದೂ’. ಎಲ್ಲರಿಗೂ ಗೊತ್ತಿರುವ, ತಾನಾಗಿ ನೋಡದಿದ್ದರೂ ನಿಜ ಅಂತ ತಿಳಿದಿರುವ ಸಂಗತಿಗೆ ‘ಯೋರೆ’. ಮೂರಕ್ಕೂ ಬೇರೆ ಬೇರೆ ‘ಇಲ್ಲ’ ಇವೆ: ಮೇ, ಮಿಂದೂ, ಯೋಮಾರೆ. ಅಂಗಡಿಯಲ್ಲಿ ಹಾಲು ಇದೆಯಾ ಅಂತ ಕೇಳಿದರೆ, ಈಗಷ್ಟೇ ನೋಡಿ ಬಂದವರ ಉತ್ತರವೇ ಬೇರೆ, ಅಲ್ಲಿ ಹಾಲು ಸಿಗುತ್ತದೆ ಅಂತ ತಿಳಿದವರ ಉತ್ತರವೇ ಬೇರೆ. ನಮ್ಮಲ್ಲಿ ಇದು ಕಡ್ಡಾಯವಲ್ಲ, ಆದರೆ ದಾರಿ ಇದೆ. ಕೇಳಿ ತಿಳಿದದ್ದಕ್ಕೆ ‘ಇದೆಯಂತೆ’. ಕುರುಹು ನೋಡಿ ಊಹಿಸಿದ್ದಕ್ಕೆ ‘ಇದ್ದ ಹಾಗಿದೆ’. ಯಾವಾಗಲೂ ಹೀಗೇ ಅನ್ನುವುದಕ್ಕೆ ‘ಇರುತ್ತೆ’. ‘ಬಸ್ ಇದೆ’ ಅಂದರೆ ಓಡಬೇಕು, ‘ಬಸ್ ಇರುತ್ತೆ’ ಅಂದರೆ ಕಾಫಿ ಕುಡಿದು ಹೊರಡಬಹುದು.

ಕನ್ನಡದೊಳಗೇ ಎಷ್ಟು ಬಗೆ ಇದೆ! ಕರಾವಳಿಯವರ ‘ಉಂಟು’ ನಮ್ಮ ಕಡೆ ‘ಬರುವುದುಂಟು’, ‘ಎಲ್ಲಾದರೂ ಉಂಟಾ?’ ಅನ್ನುವಂಥ ಕಡೆ ಮಾತ್ರ ಉಳಿದಿದೆ. ಉಳ್ಳವರು ಅನ್ನುವುದೂ ಅದರ ಬಳಗವೇ. ಧಾರವಾಡದವರ ‘ಅದ’, ‘ಐತಿ’ ನಮ್ಮ ಅದೆ, ಐತೆಗಳ ಒಡಹುಟ್ಟು. ಹವ್ಯಕರು ‘ಇದ್ದು’ ಅಂದಾಗ, ಕುಂದಾಪುರದವರು ‘ಇತ್ತ್’ ಅಂದಾಗ ಮಂಡ್ಯದ ಕಿವಿಗೆ ಅದು ಹಿಂದೆ ಇದ್ದದ್ದು ಅನ್ನಿಸುತ್ತದೆ. ಅವರು ಹೇಳುತ್ತಿರುವುದು ಈಗ ಇರುವುದನ್ನೇ.

ಕೊನೆಯದಾಗಿ ಮೇಷ್ಟ್ರುಗಳ ಹತ್ತಿರ ಒಂದು ಕೋರಿಕೆ ಇದೆ. ಮಕ್ಕಳ ಪ್ರಬಂಧಗಳಲ್ಲಿ, ನಮ್ಮ ಪತ್ರಗಳಲ್ಲಿ, ಫಲಕಗಳಲ್ಲಿ ‘ಆಗಿದೆ’ ತುಂಬಿಕೊಂಡಿದೆ. ‘ಮಂಡ್ಯವು ಕಬ್ಬು ಬೆಳೆಯುವ ಜಿಲ್ಲೆಯಾಗಿದೆ.’ ‘ಕಾವೇರಿಯು ಒಂದು ನದಿಯಾಗಿದೆ.’ ಇಂಗ್ಲಿಷಿನ ‘ಇಸ್’ ಕಂಡ ಕಡೆಯೆಲ್ಲ ಏನಾದರೂ ಒಂದನ್ನು ಇಡಲೇಬೇಕು ಅನ್ನುವ ಅವಸರದಿಂದ ಹುಟ್ಟಿದ ವಾಕ್ಯಗಳು ಇವು. ಕನ್ನಡಕ್ಕೆ ಅಲ್ಲಿ ಕ್ರಿಯಾಪದವೇ ಬೇಡ. ಮಂಡ್ಯ ಕಬ್ಬು ಬೆಳೆಯುವ ಜಿಲ್ಲೆ. ಕಾವೇರಿ ನದಿ. ಇವಳು ನನ್ನ ತಂಗಿ. ಇಷ್ಟಕ್ಕೇ ವಾಕ್ಯ ಪೂರ್ತಿ ಆಯಿತು. ಗುರುತು ಹೇಳುವಾಗ ಕನ್ನಡ ಸುಮ್ಮನಿರುತ್ತದೆ, ಇರವನ್ನು ಹೇಳುವಾಗ ಮಾತ್ರ ‘ಇದೆ’ ಅನ್ನುತ್ತದೆ. ಆಗಲೇ ನೋಡಿದ ಅಲ್ಲ, ಇಲ್ಲಗಳ ಗೆರೆಯೇ ಇದು. ‘ಆಗಿದೆ’ಯನ್ನು ಎಲ್ಲ ಕಡೆ ಸುರಿದರೆ ಆ ಗೆರೆ ಮಸುಕಾಗುತ್ತದೆ. ‘ಅವನು ಡಾಕ್ಟರ್ ಇದ್ದಾನೆ’ ಅನ್ನುವ ಮಾತು ಈಗ ನಗರಗಳಲ್ಲಿ ಕೇಳುತ್ತದೆ. ಹಿಂದಿಯ ‘ಹೈ’ ಎರಡೂ ಕೆಲಸ ಮಾಡುವುದರಿಂದ ಬಂದದ್ದು ಅದು.

ಹಾಗಂತ ‘ಆಗಿ’ಯನ್ನು ಪೂರ್ತಿ ಬಿಟ್ಟುಬಿಡಿ ಅಂತ ಹೇಳುತ್ತಿಲ್ಲ. ‘ಅವರು ಮೇಷ್ಟ್ರು’ ಅಂದರೆ ಅವರ ಗುರುತೇ ಅದು, ನಿವೃತ್ತಿಯಾದ ಮೇಲೂ ಊರಿನಲ್ಲಿ ಮೇಷ್ಟ್ರೇ. ‘ಅವರು ಪಾಂಡವಪುರದಲ್ಲಿ ಮೇಷ್ಟ್ರಾಗಿದ್ದಾರೆ’ ಅಂದರೆ ಸದ್ಯಕ್ಕೆ ಆ ಕೆಲಸದಲ್ಲಿ, ಆ ಊರಿನಲ್ಲಿ ಇದ್ದಾರೆ, ಮುಂದಿನ ವರ್ಷ ಮದ್ದೂರಿಗೆ ವರ್ಗ ಆಗಬಹುದು. ‘ಆಗಿ’ ಬೇಕಾಗಿರುವುದು ಇಂಥ ಕಡೆ. ಇಲ್ಲಿ ಅದನ್ನು ತೆಗೆದರೆ ಹೇಳಬೇಕಾದದ್ದೇ ಬಿಟ್ಟುಹೋಗುತ್ತದೆ.